ಕುರಾಬಿನ್ ಬೆಂಕಿ ಲಾರಿಯ ಸದ್ದು ಮುಂಚಿತವಾಗಿ ತಲುಪಿದ ಬಗ್ಗೆ

ಕುರಾಬಿನ್ ಊರಿನ ಸ್ವಯಂಸೇವಾ ಅಗ್ನಿಶಾಮಕ ದಳದ ಲಾರಿ ಗುಡ್ಡ ಹತ್ತುವಾಗ ಏದುಸಿರು ಬಿಡುತ್ತದೆ ಎಂಬುದು ಸರ್ವವಿದಿತ. ಗುಡ್ಡದ ನೆತ್ತಿಯಲ್ಲಿ ಒಬ್ಬಳೇ ಇರುವ ಗ್ಲೆನಿಸ್‌ಗೆ ಇದು ಎಲ್ಲರಿಗಿಂತ ಚೆನ್ನಾಗಿ ವಿದಿತ. ಅವಳ ಗಂಡ ಸಾಯುವ ಮುನ್ನ ಕೈಯಾರೆ ಕಟ್ಟಿದ ಕುರಿಗಳ ಉಣ್ಣೆ ಕತ್ತರಿಸುವ ಕೊಟ್ಟಿಗೆ ಅಲ್ಲಿದೆ, ಸುತ್ತ ಬರೀ ಒಣಹುಲ್ಲು.

ಆದ್ದರಿಂದ ದಳವು ಬೇಸಿಗೆಯಿಡೀ ಶನಿವಾರಗಳಂದು ಬ್ರೆಡ್ಡಿನಲ್ಲಿ ಸಾಸೇಜು ಮಡಚಿ ಮಾರಿ, ಲಾರಿಯ ಎಂಜಿನ್ನಿಗೆ ಹೊಸ ಏರ್ ಫಿಲ್ಟರನ್ನೂ ತೋಳಿನಷ್ಟು ದಪ್ಪದ ಮಿರುಗುವ ಗಾಳಿಕೊಳವೆಯನ್ನೂ ತರಿಸಿತು. ಡಬ್ಬದ ಮೇಲೆ 'ಹದಿನೈದು ಕುದುರೆಗಳ ಹೆಚ್ಚುವರಿ ಶಕ್ತಿ' ಎಂದು ಅಚ್ಚಾಗಿತ್ತು. ಅಚ್ಚಾದ ಮೇಲೆ ಮುಗಿಯಿತು.

ಪರೀಕ್ಷೆಯ ದಿನ ಗ್ಲೆನಿಸ್ ಚಹಾಕ್ಕೆ ನೀರಿಟ್ಟಳು. ನೀರು ಕುದಿಯುವ ಮೊದಲೇ ಕೆಳಗಿನಿಂದ ಘರ್ಜನೆ ಕೇಳಿಸಿತು. ಲಾರಿ ಮಾತ್ರ ಎಂದಿನಂತೆ ಚಹಾ ಆರಿದ ಮೇಲೆ ಬಂತು.

"ಏನಪ್ಪಾ ಕೆಲ್ವಿನ್, ಆ ಹದಿನೈದು ಕುದುರೆ ಎಲ್ಲಿ ಹೋದ್ವು?" ಎಂದು ದಳದ ಕ್ಯಾಪ್ಟನ್ನನ್ನು ಕೇಳಿದಳು.

"ಕೆನೆದಿದ್ದು ಕೇಳಿಸ್ಲಿಲ್ವಾ ಮಾರಾಯ್ತಿ?"

"ಕೆನೆದಿದ್ದು ಕೇಳಿಸ್ತು. ಎಳೆದಿದ್ದು ಕಾಣ್ಲಿಲ್ಲ. ಹಳೇ ಫಿಲ್ಟರಲ್ಲೂ ಇಷ್ಟೇ ಹೊತ್ತು ಹಿಡೀತಿತ್ತು."

"ಹಿಡೀತಿತ್ತು. ಆದ್ರೆ ನಾವು ಬರ್ತಿದ್ದೀವಿ ಅಂತ ನಿಂಗೆ ಗೊತ್ತಾಗ್ತಿತ್ತಾ?"

ಗ್ಲೆನಿಸ್ ಆರಿದ ಚಹಾವನ್ನೇ ಅವನ ಕೈಗಿಟ್ಟಳು.

ಇಷ್ಟೊಂದು ಸಾಸೇಜು ವ್ಯರ್ಥವಾಯಿತೆಂದು ಒಪ್ಪಲು ದಳದ ಸಮಿತಿಯಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಪ್ರಕಟಣೆ ಹೊರಬಿತ್ತು: 'ಇನ್ನು ಮುಂದೆ ವಾಹನದ ಸದ್ದು ತಲುಪಿದ ಕ್ಷಣವನ್ನೇ ವಾಹನ ತಲುಪಿದ ಕ್ಷಣವೆಂದು ಪರಿಗಣಿಸತಕ್ಕದ್ದು. ಕಿವಿ ಮಂದವಿರುವವರು ನೆರೆಯವರ ಕಿವಿಯನ್ನು ಅವಲಂಬಿಸತಕ್ಕದ್ದು.' ಒಂದೇ ಏಟಿಗೆ ಕುರಾಬಿನ್ ದಳವು ಸುತ್ತಮುತ್ತಲಲ್ಲೇ ಅತಿ ವೇಗದ ದಳವಾಯಿತು. ಪ್ರಶಸ್ತಿ ಫಲಕವೂ ಬಂತು.

ಮುಂದಿನ ಬೇಸಿಗೆಯಲ್ಲಿ, ಫೆಬ್ರವರಿಯ ಒಂದು ಮಧ್ಯಾಹ್ನ ಕೊಟ್ಟಿಗೆಗೆ ಕಿಡಿ ತಗುಲಿತು. ಗ್ಲೆನಿಸ್ ಫೋನು ಮಾಡಿ, ಗಿಡಕ್ಕೆ ನೀರು ಹಾಯಿಸುವ ಪೈಪು ಹಿಡಿದು ಒಬ್ಬಳೇ ನಿಂತಳು. ದಳವು ತಕ್ಷಣ ತಲುಪಿತು. ತಲುಪಿದ ದಳವು ಕಣ್ಣಿಗೆ ಕಾಣಿಸಿಕೊಳ್ಳುವಷ್ಟರಲ್ಲಿ ಕೊಟ್ಟಿಗೆಯ ಮಾಡು ಕುಸಿದಿತ್ತು.

ಕೆಲ್ವಿನ್ ಶಿರಸ್ತ್ರಾಣ ತೆಗೆದ. "ನಾವು ಬಂದ್ಮೇಲೂ ಇಷ್ಟು ಹೊತ್ತು ಉರೀತು ಅಂದ್ರೆ, ಇದು ಸಾಮಾನ್ಯ ಬೆಂಕಿ ಅಲ್ಲ ಗ್ಲೆನಿಸ್."

"ಹೌದು. ಎಷ್ಟು ಬೇಗ ಬಂದ್ರಿ ಪಾಪ," ಎಂದಳು ಅವಳು, ಬೂದಿಯನ್ನೇ ನೋಡುತ್ತ.

ಮುಂದಿನ ಶನಿವಾರ ದಳವು ಎರಡನೆಯ ಗಾಳಿಕೊಳವೆಗಾಗಿ ಸಾಸೇಜು ಮಾರಲು ಕೂತಿತು. ಎರಡಿದ್ದರೆ ಬೆಂಕಿ ಹತ್ತುವ ಮೊದಲೇ ತಲುಪಬಹುದೆಂಬುದು ಸಮಿತಿಯ ಅಂದಾಜು. ಗ್ಲೆನಿಸ್ ತಾನಾಗಿಯೇ ಬಂದು ಈರುಳ್ಳಿ ಹೆಚ್ಚತೊಡಗಿದಳು. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಅದನ್ನು ಈರುಳ್ಳಿಯದೆಂದು ಪರಿಗಣಿಸಲಾಯಿತು.