ಮಿಕ್ಸರಿನ ಜ್ಞಾಪಕಶಕ್ತಿಯೂ ನಮ್ಮ ಮನೆಯವರ ಮೈಕೂ

ಓದಿ ತಿಳಿದುಕೊಂಡರೆ ಆಗದ ಕೆಲಸ ಜಗತ್ತಿನಲ್ಲಿ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಕುಕ್ಕರಿನ ಜೊತೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಹೆಂಗಸು ನಮ್ಮ ಬೀದಿಯಲ್ಲಿ ನಾನೊಬ್ಬಳೇ. ಹಾಗಾಗಿ, ನಮ್ಮ ಮನೆಯವರ ಆರ್ಕೆಸ್ಟ್ರಾದಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದವನು ಹುಬ್ಬಳ್ಳಿಯಲ್ಲಿ ಫೋಟೋ ಸ್ಟುಡಿಯೋ ಹಾಕುತ್ತೇನೆಂದು ಹೊರಟುಹೋದಾಗ ನಾನು ಧೈರ್ಯವಾಗಿ, "ಅದೇನ್ ಮಹಾ, ನಾ ಮಾಡ್ತೀನಿ ಬಿಡ್ರಿ" ಎಂದುಬಿಟ್ಟೆ.

ದಾವಣಗೆರೆ ಆಗ ತಾನೇ ಜಿಲ್ಲೆಯಾಗಿತ್ತು. ನಿಟ್ಟುವಳ್ಳಿಯ ನಮ್ಮ ಮನೆಯ ಪಡಸಾಲೆಯೇ ಆರ್ಕೆಸ್ಟ್ರಾದ ಕಚೇರಿ, ಗೋದಾಮು, ತಾಲೀಮಿನ ಜಾಗ, ಎಲ್ಲವೂ. ಅದರ ಅರ್ಧವನ್ನು ಹಳೆಯ ಮಿಕ್ಸರ್ ಆಕ್ರಮಿಸಿಕೊಂಡಿತ್ತು. ಮಿಕ್ಸರ್ ಎಂದರೆ ಮೈಕು, ಕೀಬೋರ್ಡು, ಗಿಟಾರು, ತಬಲಾ ಎಲ್ಲದರ ದನಿ ವೈರಿನಲ್ಲಿ ಬಂದು ಸೇರುವ ಹಲಗೆ. ಯಾವುದು ಎಷ್ಟು ಕೇಳಬೇಕೆಂದು ಅಲ್ಲಿ ಗುಂಡಿಗಳನ್ನು ಜಾರಿಸಿ ಹದ ಮಾಡಿ ಸ್ಪೀಕರಿಗೆ ಕಳಿಸಬೇಕು. ಸಾರಿಗೆ ಉಪ್ಪು ಹುಳಿ ಖಾರ ಹಾಕಿದ ಹಾಗೆಯೇ. ಆದರೆ ನಮ್ಮದು ಮಂಚದಷ್ಟು ದೊಡ್ಡದು! ಎತ್ತಲು ಇಬ್ಬರು ಗಂಡಸರು ಬೇಕು. ಬಂದ ನೆಂಟರು ಅದರ ಮೇಲೆ ಕಾಫಿ ಲೋಟ ಇಟ್ಟು ಇಟ್ಟು ಅರ್ಧ ಗುಂಡಿಗಳು ಅಂಟಿಕೊಂಡಿದ್ದವು.

ಹೊಸದೊಂದು ಚಿಕ್ಕ ಡಿಜಿಟಲ್ ಮಿಕ್ಸರ್ ಕೊಳ್ಳುವುದೆಂದು ಆಯಿತು. ನಾನು, ನಮ್ಮ ಮನೆಯವರು, ಕೀಬೋರ್ಡ್ ನುಡಿಸುವ ಖಲೀಲ್, ಮೂವರೂ ಬೆಂಗಳೂರಿನ ಬಸ್ಸು ಹತ್ತಿದೆವು.

ಅಂಗಡಿಯವನು ಮೂರು ಮಿಕ್ಸರ್ ಸಾಲಾಗಿ ಜೋಡಿಸಿ, ಬಿಟ್, ಬೈಟ್, ಎಕೋ, ಎಫೆಕ್ಟ್ ಎಂದು ಅರ್ಧ ಗಂಟೆ ಪ್ರವಚನ ಕೊಟ್ಟ. ಖಲೀಲ್ ತಲೆದೂಗುತ್ತಿದ್ದ. ನಮ್ಮ ಮನೆಯವರು ಅವನಿಗಿಂತ ಜೋರಾಗಿ ತಲೆದೂಗುತ್ತಿದ್ದರು. ಪ್ರವಚನ ಮುಗಿದ ಮೇಲೆ ನಾನು ಬ್ಯಾಗಿನಿಂದ ಎರಡು ಕಡೆ ಗಂಟು ಹಾಕಿದ್ದ ನೂಲನ್ನು ತೆಗೆದು, "ಸ್ವಲ್ಪ ಸರೀರಿ" ಎಂದೆ.

"ಏನ್ ಮೇಡಂ ಇದು?"

"ನಮ್ಮ ಬೀರುವಿನ ಕೆಳಗಿನ ಖಾನೆ ಅಳತೆ."

ಮೊದಲನೆಯದು ನಾಲ್ಕು ಬೆರಳು ಹೆಚ್ಚಾಯಿತು. ಎರಡನೆಯದು ಎರಡು ಬೆರಳು ಹೆಚ್ಚು. ಮೂರನೆಯದು ಗಂಟಿನಿಂದ ಗಂಟಿಗೆ ಸರಿಯಾಗಿ ಕೂತಿತು. ಅಂಗಡಿಯವನು ತನ್ನ ವೃತ್ತಿಜೀವನದಲ್ಲಿ ಇಂಥ ಗಿರಾಕಿಯನ್ನು ಕಂಡಿರಲಿಲ್ಲ.

ಆದರೂ ನನ್ನನ್ನು ನಿಜವಾಗಿ ಗೆದ್ದದ್ದು ಅದರ ಜ್ಞಾಪಕಶಕ್ತಿ. ಒಂದು ಹಾಡಿಗೆ ಹದ ಮಾಡಿ ನಂಬರು ಕೊಟ್ಟು ಉಳಿಸಿಟ್ಟರೆ ಸಾಕು. ಮುಂದೆ ಎಂದಾದರೂ ಆ ನಂಬರು ಒತ್ತಿದರೆ ಗುಂಡಿಗಳೆಲ್ಲ ತಮ್ಮಷ್ಟಕ್ಕೆ ತಾವೇ ಸರ್ರನೆ ಜಾರಿ ಹಳೆಯ ಜಾಗಕ್ಕೆ ಹೋಗಿ ನಿಲ್ಲುತ್ತವೆ! ಅವನು ಒತ್ತಿ ತೋರಿಸಿದ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಮ್ಮ ಮನೆಯ ಕತ್ತರಿ ಒಂದು ದಿನವೂ ತನ್ನ ಜಾಗಕ್ಕೆ ವಾಪಸು ಹೋದದ್ದಿಲ್ಲ.

"ಏನಾದ್ರೂ ಎಡವಟ್ಟಾದ್ರೆ ಗಾಬರಿ ಆಗಬೇಡಿ ಮೇಡಂ. ಅದೇ ನಂಬರು ಇನ್ನೊಂದ್ಸಲ ಒತ್ತಿ" ಎಂದ ಅಂಗಡಿಯವನು. ಈ ಮಾತನ್ನು ನಾನು ವೇದವಾಕ್ಯದಂತೆ ಸ್ವೀಕರಿಸಿದೆ. ಅಲ್ಲಿಯೇ ಕೆಟ್ಟಿತು!

ಹೊಸ ಮಿಕ್ಸರಿನ ಮೊದಲ ಕಾರ್ಯಕ್ರಮ ಹರಿಹರದಲ್ಲಿ. ನಮ್ಮ ಮನೆಯವರ ಅಕ್ಕನ ಮಗಳು ಶೈಲಾಳ ಆರತಕ್ಷತೆ. ಇದು ಸಾಮಾನ್ಯ ಆರತಕ್ಷತೆಯಲ್ಲ. ಶೈಲಾಳ ಅಪ್ಪ, ಹರಿಹರದ ಕಿರಾಣಿ ವ್ಯಾಪಾರಿ ಚನ್ನವೀರಪ್ಪನವರು, ನಮ್ಮ ಮನೆಯವರ ಹಾಡುಗಾರಿಕೆಯನ್ನು ಇಪ್ಪತ್ತು ವರ್ಷದಿಂದ "ತಗಡು ಬಡಿಯೋ ಕೆಲಸ" ಎಂದೇ ಕರೆಯುತ್ತಿದ್ದರು. ಒಂದು ಸಲವೂ ಕೂತು ಕೇಳಿದವರಲ್ಲ. ಶೈಲಾ ಹಟ ಹಿಡಿದಿದ್ದಳು: "ನಾನು ಸಣ್ಣಾಕಿ ಇದ್ದಾಗ ಮಾಮ ಕಲಿಸಿದ ವಚನ ಐತಲ್ಲ, ಅದನ್ನ ಮಾಮಾನೇ ಹಾಡಬೇಕು. ಇಲ್ಲಾಂದ್ರೆ ನಾನು ಸ್ಟೇಜ್ ಮೇಲೆ ಕೂಡಂಗಿಲ್ಲ."

ಚನ್ನವೀರಪ್ಪನವರು ಒಪ್ಪಿದರು, ಒಂದು ಷರತ್ತಿನ ಮೇಲೆ.

"ಹಾಡು ಅಷ್ಟೇ. ಭಾಷಣ ಬ್ಯಾಡ."

ಷರತ್ತಿಗೆ ಕಾರಣವಿತ್ತು. ನಮ್ಮ ಮನೆಯವರ ಕೈಗೆ ಮೈಕು ಸಿಕ್ಕರೆ "ಕಲಾಭಿಮಾನಿಗಳೇ" ಎಂದು ಶುರುವಾಗುತ್ತಿತ್ತು. ಮುಗಿಯುವ ಹೊತ್ತಿಗೆ ಅಭಿಮಾನಿಗಳು ಊಟಕ್ಕೆ ಹೋಗಿರುತ್ತಿದ್ದರು. ಆದರೂ ಅವರು ಮರುಮಾತಿಲ್ಲದೆ ಒಪ್ಪಿಕೊಂಡರು. ಹದಿನೈದು ದಿನ ಮಜ್ಜಿಗೆ ಬಿಟ್ಟರು, ಕಾಳುಮೆಣಸಿನ ಕಷಾಯ ಕುಡಿದರು. "ಸರೋಜಾ, ಒಂದು ಸಲ ಭಾವ ನನ್ನ ಹಾಡು ಕೇಳ್ಲಿ ಸಾಕು" ಎಂದು ದಿನಕ್ಕೆ ಮೂರು ಸಲ ಹೇಳುತ್ತಿದ್ದರು.

ತಾಲೀಮು ನಡೆಯಿತು. ಏಳು ಹಾಡು, ಏಳು ನಂಬರು. ಏಳನೆಯದೇ ವಚನ. ಅವರು ಹಾಡಿದರು, ನಾನು ಹದ ಮಾಡಿದೆ. ಇನ್ನೇನು ಉಳಿಸಿಡಬೇಕು, ಅಷ್ಟರಲ್ಲಿ ಅವರು ಮೈಕಿನಲ್ಲೇ ಆ ವಚನದ ಅರ್ಥ ವಿವರಿಸತೊಡಗಿದರು! ಕೇಳುವವನು ಖಲೀಲ್ ಒಬ್ಬನೇ. ಅವನೂ ಚಹಾ ಕುಡಿಯುತ್ತಿದ್ದ. ಆ ಗದ್ದಲದಲ್ಲಿ ಮಿಕ್ಸರಿನ ಜೊತೆ ಬಂದ ಪುಸ್ತಕ ಓದುವುದು ಹೇಗೆ? ಎರಡೇ ನಿಮಿಷಕ್ಕೆಂದು ಮಿಕ್ಸರಿನ ಮೇಲೆ ಅವರ ಮೈಕಿಗಿದ್ದ ಸ್ವಿಚ್ ಆರಿಸಿದೆ. ಸ್ಪೀಕರು ಸುಮ್ಮನಾಯಿತು. ಅವರಿಗೆ ಗೊತ್ತಾಗಲಿಲ್ಲ, ಮಾತು ಮುಂದುವರಿದೇ ಇತ್ತು. ನಾನು ನೆಮ್ಮದಿಯಾಗಿ ಪುಸ್ತಕದಲ್ಲಿ ಹೇಳಿದಂತೆ ಒಂದೊಂದೇ ಹೆಜ್ಜೆ ಅನುಸರಿಸಿ ಉಳಿಸಿದೆ. ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದೆ: "೭. ವಚನ. ಎಲ್ಲ ಹದ."

ಆರತಕ್ಷತೆಯ ಸಂಜೆ ಕಲ್ಯಾಣ ಮಂಟಪ ತುಂಬಿತ್ತು. ವೇದಿಕೆಯ ಪಕ್ಕ ಖಲೀಲನ ಕೀಬೋರ್ಡು, ಅದಕ್ಕೆ ಅಂಟಿಕೊಂಡು ನನ್ನ ಮಿಕ್ಸರು. ಬೇರೆ ಗಾಯಕರು ಆರು ಹಾಡು ಹಾಡಿದರು. ನಾನು ಆರು ಸಲ ನಂಬರು ಒತ್ತಿದೆ. ಆರು ಸಲವೂ ಗುಂಡಿಗಳು ಸರ್ರನೆ ಜಾರಿ ನಿಂತವು. ಅದನ್ನು ನೋಡಲು ಒಂದಷ್ಟು ಹೆಂಗಸರು ನನ್ನ ಸುತ್ತ ನಿಂತಿದ್ದರು. "ಅಯ್ಯ, ಮುಟ್ಟದೇ ಓಡಾಡ್ತಾವಲ್ಲೇ!" ಎಂದರು ಒಬ್ಬರು. ನಾನು ಸೆರಗು ಸರಿಮಾಡಿಕೊಂಡು ಗಂಭೀರವಾಗಿ, "ಎಲ್ಲಾ ಡಿಜಿಟಲ್ ರೀ" ಎಂದೆ.

ಏಳನೆಯದು ಬಂತು. ಚನ್ನವೀರಪ್ಪನವರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತರು. ನಮ್ಮ ಮನೆಯವರು, ಕೊಟ್ಟ ಮಾತಿನಂತೆ ಒಂದಕ್ಷರ ಭಾಷಣವಿಲ್ಲದೆ, ಕಣ್ಣು ಮುಚ್ಚಿ ಬಾಯಿ ತೆರೆದರು. ನಾನು ಏಳು ಒತ್ತಿದೆ.

ತಬಲಾ ಕೇಳಿತು. ಕೀಬೋರ್ಡು ಕೇಳಿತು. ನಮ್ಮ ಮನೆಯವರು ಕೇಳಲಿಲ್ಲ! ಬಾಯಿ ಮಾತ್ರ ಆಡುತ್ತಿತ್ತು, ಗಾಜಿನ ತೊಟ್ಟಿಯ ಮೀನಿನಂತೆ.

ಅವರ ಮೈಕಿನ ಗುಂಡಿ ನೋಡಿದೆ. ಇರಬೇಕಾದ ಜಾಗದಲ್ಲೇ ಇತ್ತು. ನೋಟ್‌ಬುಕ್ ನೋಡಿದೆ. ಎಲ್ಲ ಹದ! ಎಡವಟ್ಟಾದರೆ ಅದೇ ನಂಬರು ಇನ್ನೊಂದು ಸಲ. ಒತ್ತಿದೆ. ಮೀನು ಮೀನಾಗಿಯೇ ಉಳಿಯಿತು.

"ವೈರ್ ನೋಡ್ರಿ, ವೈರ್!" ಎಂದು ಯಾರೋ ಕೂಗಿದರು.

ಖಲೀಲ್ ಒಂದು ಕೈಯಲ್ಲಿ ಕೀಬೋರ್ಡ್ ನುಡಿಸುತ್ತಲೇ ಇನ್ನೊಂದು ಕೈ ಚಾಚಿ ಮಿಕ್ಸರಿನ ಯಾವುದೋ ಸ್ವಿಚ್ ಅದುಮಿದ. ತಟ್ಟನೆ ನಮ್ಮ ಮನೆಯವರ ದನಿ ಮಂಟಪವನ್ನೆಲ್ಲ ತುಂಬಿತು. ನನಗೆ ಸಿಟ್ಟು ಬಂತು.

"ಖಲೀಲಣ್ಣ, ಮಿಷನ್ ಮುಟ್ಟಬ್ಯಾಡ್ರಿ! ಹದ ಕೆಡ್ತೈತಿ!"

"ಭಾಬಿ, ನಾನು ಮೈಕ್..."

"ಎಲ್ಲಾ ಉಳಿಸಿಟ್ಟೀನಿ, ನೀವು ಸುಮ್ನಿರ್ರಿ!" ಎಂದು ಅವನು ಕೆಡಿಸಿದ್ದನ್ನು ಸರಿಪಡಿಸಲು ಮತ್ತೆ ಏಳು ಒತ್ತಿದೆ.

ದನಿ ಹೋಯಿತು.

ಅವನು ಮತ್ತೆ ಅದುಮಿದ. ಬಂತು. ನಾನು ಮತ್ತೆ ಒತ್ತಿದೆ. ಹೋಯಿತು. ಹೀಗೆ ನಾಲ್ಕು ಸಲ! ಸಭಿಕರಿಗೆ ವಚನ ಅಲ್ಲೊಂದು ಪದ ಇಲ್ಲೊಂದು ಪದವಾಗಿ, ಮಳೆಗಾಲದ ರೇಡಿಯೋದಂತೆ ತಲುಪುತ್ತಿತ್ತು. ಚನ್ನವೀರಪ್ಪನವರು ಕಟ್ಟಿದ್ದ ಕೈ ಬಿಚ್ಚಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಕೇಳಿಸದಿದ್ದರೂ ನನಗೆ ಗೊತ್ತು. ತಗಡು!

ಆಗ ನನಗೆ ಪುಸ್ತಕದ ಇನ್ನೊಂದು ಪುಟ ನೆನಪಾಯಿತು. ಸೊನ್ನೆ ಒತ್ತಿದರೆ ಮಿಕ್ಸರು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಮರಳುತ್ತದೆ. ಮೊದಲಿಂದ ಶುರುಮಾಡೋಣ ಎಂದು ಸೊನ್ನೆ ಒತ್ತಿದೆ.

ಮಾಸ್ತರು "ಕೂಡ್ರಿ" ಎಂದಾಗ ಮಕ್ಕಳು ಕೂರುವಂತೆ ಗುಂಡಿಗಳೆಲ್ಲ ಒಟ್ಟಿಗೆ ತಳಕ್ಕೆ ಬಂದು ಕೂತವು. ಕೀಬೋರ್ಡು ಸತ್ತಿತು. ಗಿಟಾರು ಸತ್ತಿತು. ಸ್ಪೀಕರಿನ ಗುಂಯ್ ಎನ್ನುವ ಸದ್ದೂ ಸತ್ತಿತು. ತಬಲಾದವನು ನುಡಿಸುವುದನ್ನೇ ನಿಲ್ಲಿಸಿದ.

ಕರೆಂಟು ಹೋಯಿತೆಂದು ಜನ ತಲೆಯೆತ್ತಿ ಫ್ಯಾನು ನೋಡಿದರು. ಫ್ಯಾನು ತಿರುಗುತ್ತಿತ್ತು. ಆ ಗೊಂದಲದ ಮೌನದಲ್ಲಿ, ಕಣ್ಣು ಮುಚ್ಚಿಕೊಂಡಿದ್ದ ನಮ್ಮ ಮನೆಯವರ ಬರಿಗಂಟಲು ಮಾತ್ರ ಉಳಿಯಿತು. ಸ್ಪೀಕರು ಇಲ್ಲದೆ ಅವರ ಹಾಡನ್ನು ನಾನೂ ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಶೈಲಾ ಕುರ್ಚಿಯಿಂದ ಎದ್ದು ಬಂದು ಮಾಮನ ಪಕ್ಕ ನಿಂತು ದನಿಗೂಡಿಸಿದಳು. ಊಟದ ಹಾಲಿನ ಬಾಗಿಲಲ್ಲಿ ಬಡಿಸುವವರು ಬಕೆಟ್ ಹಿಡಿದೇ ನಿಂತರು.

ಹಾಡು ಮುಗಿಯಿತು. ಚನ್ನವೀರಪ್ಪನವರು ವೇದಿಕೆ ಹತ್ತಿ ಭಾವಮೈದುನನ ಕೈ ಹಿಡಿದುಕೊಂಡರು.

"ನೀನು ಹಾಡ್ತೀಯ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲೋ ಮಾರಾಯ!"

ನಮ್ಮ ಮನೆಯವರಿಗೆ ಭಾಷಣ ಮಾಡಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕಿರಲಿಲ್ಲ. ಆದರೆ ಅವರು ಮೈಕು ಬದಿಗಿಟ್ಟು ಭಾವನ ಕಾಲಿಗೆ ನಮಸ್ಕರಿಸಿದರು.

ಅತ್ತ ಖಲೀಲ್ ನನ್ನ ಮುಂದೆ ಮಿಕ್ಸರಿನ ಏಳನೇ ನಂಬರು ಒತ್ತಿ, ನಮ್ಮ ಮನೆಯವರ ಮೈಕಿನ ಆರಿದ ಸ್ವಿಚ್ಚನ್ನು ಬೆರಳಿಟ್ಟು ತೋರಿಸಿದ. ತಾಲೀಮಿನ ದಿನ ನಾನು ಆರಿಸಿದ್ದ ಸ್ವಿಚ್ಚನ್ನೂ ಮಿಕ್ಸರು ನಿಷ್ಠೆಯಿಂದ ನೆನಪಿಟ್ಟುಕೊಂಡಿತ್ತು. ಅಷ್ಟರಲ್ಲಿ ನಮ್ಮ ಮನೆಯವರೂ ಬಂದು ನಿಂತರು. ಸ್ವಿಚ್ ನೋಡಿದರು. ನೋಟ್‌ಬುಕ್ ನೋಡಿದರು. ನನ್ನನ್ನು ನೋಡಿದರು.

"ಅಂದ್ರೆ ಸರೋಜಾ, ನನ್ನ ಬಾಯಿ ಬಂದ್ ಮಾಡಿ, ಆಮೇಲೆ ಎಲ್ಲ ಹದ ಅಂತ ಬರ್ದೀಯ?"

"ಎರಡು ನಿಮಿಷಕ್ಕೆ ಮಾತ್ರ ರೀ..."

"ಎರಡೇ ನಿಮಿಷ ಅಂತ ಮಿಷನ್‌ಗೆ ಹೇಳೋದು ಮರ್ತೀಯ ಅನ್ಸುತ್ತೆ."

ಪುಣ್ಯಕ್ಕೆ ಆಗಲೇ ಚನ್ನವೀರಪ್ಪನವರು ಬಂದು ನನ್ನನ್ನು ಉಳಿಸಿದರು. ಜೊತೆಗೆ ರುಮಾಲು ಸುತ್ತಿದ ಹಿರಿಯರೊಬ್ಬರು.

"ತಂಗೀ, ಇವರು ಕೊಂಡಜ್ಜಿ ಊರಿನೋರು. ಮಗನ ಮದುವಿ ಐತೆ, ನಿಮ್ಮನ್ನೇ ಕರೀತಾರಂತೆ. ಆದ್ರೆ ಒಂದ್ ಮಾತು, ಆ ಮೊದಲಿನ ಆರು ಹಾಡಿನ ಸೌಂಡ್ ಬ್ಯಾಡಂತೆ. ವಚನಕ್ಕೆ ಕಡೀಕೆ ಮಾಡಿದ್ರಲ್ಲ, ಆ ಸೌಂಡೇ ಎಲ್ಲಾ ಹಾಡಿಗೂ ಬೇಕಂತೆ. ಬಾಳ ಕಷ್ಟ ಏನು ಅದು?"

ನಾನು ಖಲೀಲನ ಮುಖ ನೋಡಿದೆ. ಅವನು ಬಗ್ಗಿ ಯಾವುದೋ ವೈರು ಸುತ್ತತೊಡಗಿದ. ಬೆನ್ನು ಮಾತ್ರ ಕುಲುಕುತ್ತಿತ್ತು.

"ಏನ್ ಕಷ್ಟ ಇಲ್ಲ ಬಿಡ್ರಿ ಅಣ್ಣಾರೆ, ಮಾಡೋಣ" ಎಂದೆ.

ನಿಜಕ್ಕೂ ಕಷ್ಟವಿಲ್ಲ. ಪ್ಲಗ್ ಹಾಕದಿದ್ದರಾಯಿತು!