ಮಾವ, ಸ್ಪ್ರಿಂಗು ಮತ್ತು ಒಂದು ರಾಗಿ ಮೂಟೆ

ನಮ್ಮ ಸೋದರಮಾವ ನಿಮ್ಮ ಮನೆಗೆ ಬರುತ್ತಾರೆಂದು ಗೊತ್ತಾದರೆ ದಯವಿಟ್ಟು ಮಂಚವಿರುವ ಕೋಣೆಗೆ ಬೀಗ ಹಾಕಿಬಿಡಿ! ಕಳ್ಳರೇನಲ್ಲ, ಪಾಪ. ಆದರೆ ಹಾಸಿಗೆ ಕಂಡರೆ ಸುಮ್ಮನಿರುವ ಜೀವವಲ್ಲ. ಅಂಗೈ ಊರಿ ಒತ್ತುತ್ತಾರೆ, ಕಿವಿಯಿಟ್ಟು ಆಲಿಸುತ್ತಾರೆ, ಕೊನೆಗೆ ಧೊಪ್ಪನೆ ಕೂತು ಮೇಲೆ ಕೆಳಗೆ ಕುಣಿಯುತ್ತಾರೆ. ವಯಸ್ಸು ಅರವತ್ತು ದಾಟಿದೆ ಅಂದರೆ ನಂಬುತ್ತೀರಾ?

ಮಧುಗಿರಿಯಲ್ಲಿ ಶಿರಾ ರಸ್ತೆಯ ಪಕ್ಕ ಅವರದೊಂದು ಶೆಡ್ಡು. ಹಾಸಿಗೆಯೊಳಗಿನ ಸ್ಪ್ರಿಂಗು ಮಾಡುವುದೇ ಕಸುಬು. ಉಕ್ಕಿನ ತಂತಿ ಮಿಷನ್ನಿನ ಒಳಗೆ ನೆಟ್ಟಗೆ ಹೋಗಿ, ನಡು ಸಣ್ಣ, ತಲೆ ಬುಡ ಅಗಲವಾದ ಡಮರುಗದಂತೆ ಸುತ್ತಿಕೊಂಡು ಟಣ್ಣನೆ ಹೊರಗೆ ಹಾರುತ್ತದೆ. ಆಮೇಲೆ ಒಲೆಯಲ್ಲಿ ಕಾಯಿಸಬೇಕು. ಮಾವನಿಗೆ ಈ ಒಲೆಯೇ ವೇದ. "ಒಲೆ ಕಾಣ್ದಿರೋ ಸ್ಪ್ರಿಂಗು ಒಂದ್ಸಲ ಕುಂತ್ರೆ ಕುಂತೇ ಬುಡ್ತದೆ ಕಣ್ಲಾ. ಒಲೇಲಿ ಬೆಂದಿದ್ದು ಎಷ್ಟ್ ತುಳುದ್ರೂ ಎದ್ದು ನಿಲ್ತದೆ" ಎನ್ನುತ್ತಾರೆ. ಬೆಂದ ಸ್ಪ್ರಿಂಗುಗಳನ್ನು ಸಣ್ಣ ತಂತಿಯಿಂದ ಒಂದಕ್ಕೊಂದು ಹೆಣೆದು, ಸುತ್ತ ದಪ್ಪ ತಂತಿಯ ಚೌಕಟ್ಟು ಕಟ್ಟಿದರೆ ಹಾಸಿಗೆಯ ಅಸ್ಥಿಪಂಜರ ಸಿದ್ಧ.

ಅವರ ಮಗನಿಗೆ ಹೆಣ್ಣು ನೋಡಲು ಕೊಡಿಗೇನಹಳ್ಳಿಗೆ ಹೋಗಿದ್ದೆವು. ಹುಡುಗಿ ಕಾಫಿ ತಂದಳು. ಎಲ್ಲರ ಕಣ್ಣು ಹುಡುಗಿಯ ಮೇಲೆ. ಮಾವನ ಗಮನವೆಲ್ಲ ತಾವು ಕೂತಿದ್ದ ದಿವಾನದ ಮೇಲೆ! ಕೂತಲ್ಲೇ ಕುಪ್ಪಳಿಸಿದರು. ಪಕ್ಕದಲ್ಲಿದ್ದ ಪುರೋಹಿತರ ಪಂಚೆಗೆ ಕಾಫಿಯ ಅಭಿಷೇಕವಾಯಿತು.

"ಹೆಂಗೆ ಯಜಮಾನ್ರೇ, ಒಪ್ಪಿಗೇನಾ?" ಎಂದರು ಹುಡುಗಿಯ ತಂದೆ.

"ನಿಮ್ ದಿವಾನದ ಸ್ಪ್ರಿಂಗು ಒಲೆ ಮಕಾನೇ ಕಂಡಿಲ್ಲ ಸ್ವಾಮಿ! ಮೋಸ ಮಾಡವ್ರೆ ನಿಮ್ಗೆ!"

ಅತ್ತೆ ಅವರ ತೊಡೆ ಚಿವುಟಿದರು. ಮದುವೆಯೇನೋ ಆಯಿತು. (ದಿವಾನ ಮಾವನ ಶೆಡ್ಡಿಗೆ ಬಂದು ಹೊಸ ಸ್ಪ್ರಿಂಗು ಹಾಕಿಸಿಕೊಂಡು ಹೋದ ಮೇಲೆ!)

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ವಾಕರ್ ಹಿಡಿದು ನಡೆಯುವುದೂ ಬಂತು. ಹಾಸಿಗೆಯಿಂದ ಏಳಲು ಮಾತ್ರ ಮಾವನೇ ತಬ್ಬಿ ಎತ್ತಬೇಕು. ಇಡೀ ಮನೆಯನ್ನು ಒಂದು ಕೂಗಿನಲ್ಲಿ ನಡೆಸುತ್ತಿದ್ದ ಹೆಂಗಸು, ಬಚ್ಚಲಿಗೆ ಹೋಗಬೇಕೆಂದು ಹೇಳಲು ನಾಚಿ, ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. "ನಾನೇ ಏಳಂಗಾದ್ರೆ ಸಾಕು ಕಣಪ್ಪ, ಇನ್ನೇನೂ ಬ್ಯಾಡ" ಎಂದು ನನ್ನೆದುರು ಅತ್ತರು.

ಮಾವ ಶೆಡ್ಡು ಸೇರಿದರು. ಅತ್ತೆ ಏಳುವ ಬದಿಗೆ ದಪ್ಪ ತಂತಿಯ ಸ್ಪ್ರಿಂಗು ಹಾಕಿ, ಕೂತರೆ ಕುಸಿಯದೆ ಮೇಲಕ್ಕೆ ನೂಕುವಂಥ ಅಂಚು ಮಾಡಬೇಕಿತ್ತು. ತಾವೇ ಕೂತು ಹದ ನೋಡೋಣವೆಂದರೆ ಮಾವನ ಹೊಟ್ಟೆಯದೇ ಬೇರೆ ತೂಕ! ಅದಕ್ಕೇ ಅತ್ತೆಯ ಬದಲು ಕೂರಿಸಲು ಒಂದು ರಾಗಿ ಮೂಟೆ ತಂದರು. ತಕ್ಕಡಿ ತರಲೇ ಎಂದೆ.

"ದಿನಾ ಎತ್ತೋನು ನಾನು, ನಂಗ್ಯಾಕ್ಲಾ ತಕ್ಕಡಿ?" ಎಂದು ಗದರಿದರು.

ಮೂಟೆಯನ್ನು ತಬ್ಬಿ ಎತ್ತಿದರು. ಭಾರವಾಯಿತೆಂದು ಇಳಿಸಿ ಸ್ವಲ್ಪ ರಾಗಿ ತೆಗೆದರು. ಮತ್ತೆ ತಬ್ಬಿದರು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಮತ್ತೆ ತೆಗೆದರು, ಮತ್ತೆ ಮತ್ತೆ ತೆಗೆದರು. ಮೂಟೆ ಬಡಕಲಾಗುತ್ತ ಹೋದಂತೆ ನನ್ನ ನಗು ನಿಂತಿತು. ಕೊನೆಗೆ ಅದನ್ನು ಎದೆಗೊತ್ತಿಕೊಂಡು ನಿಂತುಬಿಟ್ಟರು.

"ಇಷ್ಟೇ ಆಗ್ಬುಟ್ಟವ್ಳೆ ಕಣ್ಲಾ ನಿಮ್ಮತ್ತೆ" ಎಂದರು.

ಹೊಸ ಹಾಸಿಗೆಯ ಮೊದಲ ಬೆಳಿಗ್ಗೆ ನಾನೂ ಅಲ್ಲಿದ್ದೆ. ಅತ್ತೆ ಅಂಚಿಗೆ ಸರಿದು ಕೂತರು. ಮಾವ ಎತ್ತಲು ಬಾಗಿದರು. "ವಸಿ ತಡೀರಿ" ಎಂದ ಅತ್ತೆ ಎರಡೂ ಅಂಗೈ ಊರಿ, ಹಲ್ಲು ಕಚ್ಚಿ, ಎದ್ದು ನಿಂತೇಬಿಟ್ಟರು! ವಾಕರ್ ಹಿಡಿದು, ತಿರುಗಿಯೂ ನೋಡದೆ ಅಡುಗೆಮನೆ ಕಡೆ ಹೊರಟೇ ಹೋದರು. ನನಗೆ ಅಳು ತಡೆಯಲಾಗಲಿಲ್ಲ. ಮಾವ ಮಾತ್ರ ಅಲ್ಲೇ ಬಾಗಿ ನಿಂತಿದ್ದರು. ಎರಡೂ ಕೈ ಇನ್ನೂ ಮುಂದಕ್ಕೆ ಚಾಚಿಯೇ ಇದ್ದವು.