ವಾಮನರಾಯರ ಜೆಟ್ ಪೊರಕೆ

ಇಂದುಮತಿ ಹಾಲ್ ಗುಡಿಸುತ್ತ ಸೋಫಾದವರೆಗೆ ಬಂದಿದ್ದಳಷ್ಟೇ, ಮಾವ ವಾಮನರಾಯರು ಬಂದು ಅವಳ ಕೈಯಿಂದ ಪೊರಕೆ ಕಿತ್ತುಕೊಂಡರು.

"ಇನ್ನು ಇದನ್ನ ಮುಟ್ಟಬೇಡಮ್ಮ! ಇವತ್ತಿಂದ ಈ ಮನೇಲಿ ಕಸ ಗುಡಿಸೋದು ಜೆಟ್!"

ಜೆಟ್ ಎಂದರೆ ಅವರು ಎಳೆದು ತಂದಿದ್ದ ಹಂಡೆಯಂಥ ಯಂತ್ರ. ಮುಂದೆ ಅಗಲವಾದ ಹಿತ್ತಾಳೆಯ ಬಾಯಿ, ಹಿಂದೆ ಹಳೆಯ ರೇನ್‌ಕೋಟುಗಳನ್ನು ಸೇರಿಸಿ ಹೊಲಿದ ಚೀಲ. ಧೂಳಿನ ಕಣವೂ ಆಚೆ ಬರಬಾರದೆಂದು ಹೊಲಿಗೆಗೆಲ್ಲ ಅಂಟು ಬಳಿದಿದ್ದರು. ರಾಯರು ನಿವೃತ್ತರಾಗುವವರೆಗೂ ಯುದ್ಧವಿಮಾನಗಳ ಎಂಜಿನ್ನಿಗೆ ಗಾಳಿ ನುಗ್ಗುವ ಬಾಯಿಯನ್ನು ವಿನ್ಯಾಸ ಮಾಡಿದವರು. ಉಳಿದ ಭಾಗಗಳೆಲ್ಲ ಪಕ್ಕದ ವಿಭಾಗದವರ ಪಾಡು!

ಇಂದುಮತಿಯ ಏಳು ವರ್ಷದ ಮಗಳು ಮೇದಿನಿ, ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ಇನ್ನೂ ಒಂದೇ ಜಡೆ ಹೆಣೆದಿದ್ದಂತೆಯೇ, ಓಡಿಬಂದು ಯಂತ್ರವನ್ನು ಸುತ್ತು ಹಾಕಿದಳು. ಮುಂದೆ ನೋಡಿದಳು, ಹಿಂದೆ ಬಗ್ಗಿ ನೋಡಿದಳು. ಹುಬ್ಬು ಗಂಟಿಕ್ಕಿತು. ಮಗಳು ಈಗಲಾದರೂ ಏನಾದರೂ ಕೇಳುತ್ತಾಳೇನೋ ಎಂದು ಇಂದುಮತಿ ಕಾದಳು. 'ಮಗು ಚುರುಕು, ಆದರೆ ಕ್ಲಾಸಿನಲ್ಲಿ ಇದುವರೆಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ' ಎಂದು ಟೀಚರ್ ಹೇಳಿದಾಗಿನಿಂದ ಅವಳಿಗೆ ಅದೇ ಚಿಂತೆ. ಮನೆಯಲ್ಲಾದರೂ ಕೇಳಲಿ ಎಂದರೆ, ಕೇಳುವ ಮೊದಲೇ ಉತ್ತರ ಹೇಳುವ ತಾತ!

"ತಾತ, ಇದಕ್ಕೆ..."

"ಎಷ್ಟು ಸ್ಪೀಡು ಅಂತ ತಾನೇ? ನೋಡ್ತಿರು!"

ಯಂತ್ರ ಗುಂಯ್ ಎಂದಿತು. ಕಸ ಹೋಯಿತು, ಕಾಲುಚೀಲ ಹೋಯಿತು. ರಾಯರು ವೇಗ ಏರಿಸಿದರು. ಬಾಯಿ ಗಡಗಡ ನಡುಗಿ 'ಢಬ್' ಎಂದು ತೇಗಿತು! ನುಂಗಿದ್ದೆಲ್ಲ ಹೊರಬಿದ್ದು, ಪೂಜೆಗೆ ಹೂವು ಹಿಡಿದು ಬರುತ್ತಿದ್ದ ಅತ್ತೆ ಸತ್ಯಭಾಮಮ್ಮನ ತಲೆಯ ಮೇಲೆ ಸುರಿಯಿತು.

"ಸ್ನಾನ ಮಾಡಿ ಬಂದೋಳ ಮೇಲೇ ಬೇಕಿತ್ತೇನ್ರೀ!"

"ಬರೀ ತೆರೆದ ಬಾಯಾದ್ರೆ ವಿಮಾನದ್ದೂ ಇದೇ ಗತಿ ಕಣೇ! ಒಂದು ಮಟ್ಟದ ವೇಗದವರೆಗೆ ಸರಿ. ಶಬ್ದದ ವೇಗದ ಎರಡರಷ್ಟು ಜೋರಾಗಿ ಓಡು ಅಂದ್ರೆ ಗಾಳಿ ಬಾಯಲ್ಲೇ ಮುಗ್ಗರಿಸುತ್ತೆ, ಎಂಜಿನ್ನಿಗೆ ಉಸಿರು ಕಟ್ಟುತ್ತೆ. ವಿಮಾನ ಜೋರಾಗಿ ಓಡಬೇಕಾದ್ರೆ, ಗಾಳೀನ ನಿಧಾನ ಮಾಡಿ ಒಳಗೆ ಬಿಟ್ಕೋಬೇಕು!"

"ಮಗು ಬಾಯಿಗೆ ಅನ್ನ ತುರುಕಿದ ಹಾಗೆ ಅನ್ನಿ," ಎಂದಳು ಇಂದುಮತಿ, ಅತ್ತೆಯ ತಲೆ ಕೊಡವುತ್ತ.

"ಅನ್ನಕ್ಕೂ ಜೆಟ್ಟಿಗೂ ಹೋಲಿಕೆಯೇನಮ್ಮ!" ಎನ್ನುತ್ತ ರಾಯರು ಅಡುಗೆಮನೆಗೆ ನುಗ್ಗಿ, ಎಣ್ಣೆಯ ಲಾಳಿಕೆ ತಂದು, ಸ್ಪ್ರಿಂಗ್ ಕಟ್ಟಿ ಯಂತ್ರದ ಬಾಯಿಗೆ ಸಿಕ್ಕಿಸಿದರು.

"ಅಯ್ಯೋ, ನನ್ನ ಲಾಳಿಕೆ!"

"ಲಾಳಿಕೆ ಅಲ್ಲ ಕಣೇ ಭಾಮಾ, ಗಾಳೀನ ನಿಧಾನ ಮಾಡೋ ಶಂಕು! ವೇಗಕ್ಕೆ ತಕ್ಕ ಹಾಗೆ ಹಿಂದೆ ಮುಂದೆ ಸರಿಯುತ್ತೆ."

"ತಾತ, ಆದ್ರೆ..."

"ಯಾಕೆ ಸರಿಯುತ್ತೆ ಅಂತ ತಾನೇ? ಜಾಣಮರಿ!" ರಾಯರು ವಿವರಿಸಿದರು. ವಿವರಣೆ ಮುಗಿಯುವಷ್ಟರಲ್ಲಿ ಮೇದಿನಿಯ ಬಾಯಿ ಮುಚ್ಚಿತ್ತು.

ಈ ಸಲ ತೇಗಲಿಲ್ಲ. ಪೇಪರ್, ಕಾಲೊರಸು, ದಿಂಬು, ಒಂದು ಚಪ್ಪಲಿ, ಎಲ್ಲವನ್ನೂ ಜೆಟ್ ಸರಾಗವಾಗಿ ನುಂಗಿತು. ಅತ್ತೆಯ ಸೆರಗನ್ನಷ್ಟೇ ಇಂದುಮತಿ ಹಿಡಿದೆಳೆದು ಉಳಿಸಿದಳು. ಇತ್ತ ಚೀಲ ಊದತೊಡಗಿತು. ಕುಂಬಳಕಾಯಿಯಷ್ಟಾಯಿತು, ಎಮ್ಮೆಯಷ್ಟಾಯಿತು, ಆಟೋರಿಕ್ಷಾದಷ್ಟಾಯಿತು! ಸ್ವಿಚ್ಚು ಅದರ ಹಿಂದೆ ಮರೆಯಾಯಿತು. ಸೋಫಾ ಸರಿದು ಇಂದುಮತಿಯನ್ನು ಗೋಡೆಗೆ ಒತ್ತಿತು. ಅತ್ತೆ ದೇವರಮನೆಯಲ್ಲಿ ಸಿಕ್ಕಿಕೊಂಡರು. ಚೀಲವನ್ನು ಅದುಮುತ್ತೇನೆಂದು ಹತ್ತಿ ಕೂತ ರಾಯರು, ಅದರ ಜೊತೆಗೇ ಏರುತ್ತ ಹೋಗಿ ಫ್ಯಾನಿನ ರೆಕ್ಕೆ ತಬ್ಬಿಕೊಂಡರು.

"ಮೊದಲು ಇಳೀರಿ ಅಲ್ಲಿಂದ!" ಎಂದು ಅತ್ತೆ ದೇವರಮನೆಯಿಂದಲೇ ಕೂಗಿದರು.

"ಬಾಯಿ ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ ನೋಡೇ!"

"ನಿಮ್ಮದು ಯಾವತ್ತು ನಿಂತಿತ್ತು!"

ಹೊರಗೆ ಸ್ಕೂಲ್ ವ್ಯಾನಿನ ಹಾರನ್ ಕೇಳಿಸಿತು. ಸೋಫಾದ ಸಂದಿಯಿಂದ ಮೇದಿನಿಯ ಮುಖ ಇಣುಕಿತು. ತುಟಿ ಅಲುಗಿತು.

"ಏನು ಮರಿ, ಸ್ವಿಚ್ ಎಲ್ಲಿ ಅಂತ ತಾನೇ?" ಎಂದರು ಮೇಲಿನಿಂದ ರಾಯರು.

"ಮಾವ!" ಎಂದಳು ಇಂದುಮತಿ. ಆ ಮನೆಗೆ ಬಂದಮೇಲೆ ಅವರೆದುರು ಅವಳ ದನಿ ಏರಿದ್ದು ಅದೇ ಮೊದಲು. "ದಯವಿಟ್ಟು, ಅವಳೇ ಕೇಳಲಿ."

ರಾಯರು ಸುಮ್ಮನಾದರು. ಅತ್ತೆಯೂ ಸುಮ್ಮನಾದರು. ಜೆಟ್ ಮಾತ್ರ ನುಂಗುತ್ತಲೇ ಇತ್ತು.

"ಕೇಳು ಪುಟ್ಟಿ. ನಾವು ಯಾರೂ ಎಲ್ಲಿಗೂ ಹೋಗಲ್ಲ," ಎಂದಳು ಇಂದುಮತಿ.

ಮೇದಿನಿ ಎಲ್ಲರ ಮುಖ ನೋಡಿದಳು. ಆಮೇಲೆ ಬೀದಿಯ ವ್ಯಾನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

"ತಾತ, ಒಳಗೆ ಹೋದ ಗಾಳಿ ಹೊರಗೆ ಬರೋದು ಎಲ್ಲಿಂದ?"